ಮಾರ್ಚ್ ಬಂತು, ಕ್ಯಾಲ್ಕುಲೇಟರ್ ತೆಗೀರಿ

2024ರ ಮೇ 18 ನೆನಪಿದೆಯಾ? ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ-ಚೆನ್ನೈ ಮ್ಯಾಚ್. ಬರೀ ಗೆದ್ರೆ ಸಾಲದು, ಕಡಿಮೆ ಅಂದ್ರೂ 18 ರನ್ನಿಂದ ಗೆಲ್ಲಬೇಕಿತ್ತು. ಮೊದಲ ಎಂಟು ಮ್ಯಾಚಲ್ಲಿ ಒಂದೇ ಒಂದು ಗೆದ್ದಿದ್ದ ತಂಡ, ಆಮೇಲೆ ಸಾಲಾಗಿ ಗೆಲ್ತಾ ಬಂದು ಆ ರಾತ್ರಿ 27 ರನ್ನಿಂದ ಗೆದ್ದು ಪ್ಲೇಆಫ್ ಸೇರಿತು. ಅದಕ್ಕಿಂತ ಹಿಂದಿನ ಎರಡು ವಾರ ನಾವೆಲ್ಲ ಏನು ಮಾಡ್ತಿದ್ವಿ ಹೇಳಿ? ಆಫೀಸ್ ಕ್ಯಾಂಟೀನಲ್ಲಿ ನೆಟ್ ರನ್‌ರೇಟ್ ಲೆಕ್ಕ. "ಹೈದರಾಬಾದ್ ಸೋಲ್ಬೇಕು, ಲಖನೌ ಸೋಲ್ಬೇಕು, ಡೆಲ್ಲಿ ಇಷ್ಟರಲ್ಲೇ ಗೆಲ್ಬೇಕು..." ಪಿಯುಸಿಯಲ್ಲಿ ಗಣಿತ ಕಂಡ್ರೆ ಓಡ್ತಿದ್ದವರೂ ಆ ಹದಿನೈದು ದಿನ ಲೆಕ್ಕದ ಮೇಷ್ಟ್ರೇ!

ಆ ಹದಿನೈದು ದಿನದ ಸಂಕಟವನ್ನ ಆರು ತಿಂಗಳಿಗೆ ಹಿಗ್ಗಿಸಿ, ಮ್ಯಾಚನ್ನ ರಾತ್ರಿ ಏಳೂವರೆಯಿಂದ ಬೆಳಗಿನ ಜಾವ ಐದೂವರೆಗೆ ಒಯ್ದು ಇಡಿ. ಪಕ್ಕದಲ್ಲಿ ಕೂತು ಕೂಗೋಕೆ ಇಡೀ ಬಡಾವಣೆಯಲ್ಲಿ ಇನ್ನೊಬ್ಬರೂ ಇಲ್ಲ ಅಂದ್ಕೊಳ್ಳಿ. ಬೆಂಗಳೂರಲ್ಲಿ ಕೂತು ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಫಾಲೋ ಮಾಡೋದು ಅಂದ್ರೆ ಸುಮಾರಾಗಿ ಇದೇ.

ನನಗೆ ಒಂದಲ್ಲ, ಎರಡು ತಂಡ. ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತು ಇಂಡಿಯಾನಾ ಪೇಸರ್ಸ್. "ಎರಡು ದೋಣಿ ಮೇಲೆ ಕಾಲಿಟ್ಟವಳು" ಅಂತ ನನ್ನ ದೊಡ್ಡಮ್ಮನ ಮಗ ಅಣ್ಣ ಆಡ್ಕೋತಾನೆ. ಅವನಿರೋದು ಸ್ಯಾನ್ ಹೋಸೆಯಲ್ಲಿ. ಊರಿನ ಪಕ್ಕದ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ಗೆ ಜೈ ಅಂದ್ಕೊಂಡು ಸುಖವಾಗಿದಾನೆ. ನನಗೆ ಆ ಸುಖ ಇಲ್ಲ. ಯಾಕೆ ಅಂತ ಹೇಳ್ತೀನಿ.

ಮುಂಬೈಗೆ ಬಂದ ಎರಡು ತಂಡ

2019ರ ಅಕ್ಟೋಬರ್ 4 ಮತ್ತು 5. ಎನ್‌ಬಿಎ ತಂಡಗಳು ಮೊದಲ ಸಲ ಭಾರತದಲ್ಲಿ ಆಡಿದ್ದು ಆಗಲೇ. ಜಾಗ, ಮುಂಬೈ ವರ್ಲಿಯ ಎನ್‌ಎಸ್‌ಸಿಐ ಡೋಮ್. ಬಂದ ತಂಡಗಳು ಇವೇ ಎರಡು. ಸೀಸನ್ ಶುರುವಾಗೋಕೆ ಮುಂಚಿನ ಅಭ್ಯಾಸದ ಮ್ಯಾಚ್‌ಗಳು, ಅಂಕಪಟ್ಟಿಗೆ ಲೆಕ್ಕಕ್ಕಿಲ್ಲ. ಆದ್ರೂ ಮೊದಲ ದಿನದ ಆಟ ಓವರ್‌ಟೈಮ್‌ಗೆ ಹೋಗಿ ಪೇಸರ್ಸ್ 132-131ರಲ್ಲಿ ಗೆದ್ದಿತ್ತು. ಆ ದಿನ ಸ್ಟೇಡಿಯಂ ತುಂಬ ಶಾಲಾ ಮಕ್ಕಳು. ಎರಡನೇ ದಿನವೂ ಪೇಸರ್ಸ್‌ದೇ ಮೇಲುಗೈ, 130-106.

ಕಿಂಗ್ಸ್ ಬಂದದ್ದಕ್ಕೆ ಒಂದು ಕಾರಣ ಇತ್ತು. ಅದರ ಮುಖ್ಯ ಮಾಲೀಕ ವಿವೇಕ್ ರಣದಿವೆ ಹುಟ್ಟಿ ಬೆಳೆದದ್ದು ಮುಂಬೈಯಲ್ಲೇ. ಎಂಐಟಿಯಲ್ಲಿ ಓದಿ, ಟಿಬ್ಕೊ ಅನ್ನೋ ಸಾಫ್ಟ್‌ವೇರ್ ಕಂಪನಿ ಕಟ್ಟಿ, 2013ರಲ್ಲಿ ಈ ತಂಡ ಕೊಂಡವರು. ನಾನಾಗ ಪುಣೆಯಲ್ಲಿ ಕೆಲಸದ ಟ್ರೈನಿಂಗ್‌ನಲ್ಲಿದ್ದೆ. ಶಾಲೆಯಲ್ಲಿ, ಕಾಲೇಜಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವಳು. ಆಡೋದು ಗೊತ್ತಿತ್ತು, ನೋಡೋದು ಗೊತ್ತಿರಲಿಲ್ಲ. ಟಿವಿಯಲ್ಲಿ ಕಂಡ ಆ ಎರಡು ಆಟದಿಂದ ಎರಡು ತಂಡವೂ ಮನೆಗೆ ಬಂದ ನೆಂಟರ ಹಾಗೆ ಅನ್ನಿಸಿಬಿಟ್ಟವು. ಮನೆ ಬಾಗಿಲಿಗೆ ಬಂದವರನ್ನ ಬಿಟ್ಟು, ದೂರದಲ್ಲಿರೋ ಲೇಕರ್ಸನ್ನೋ ಸೆಲ್ಟಿಕ್ಸನ್ನೋ ಹುಡುಕ್ಕೊಂಡು ಯಾಕೆ ಹೋಗ್ಲಿ?

ಮುಂದೆ ನಡೆದದ್ದು ಸಿನಿಮಾ ಕತೆ ಥರ. ಮುಂಬೈಗೆ ಪೇಸರ್ಸ್ ಕಡೆಯಿಂದ ಬಂದಿದ್ದ ಡೊಮಾಂಟಸ್ ಸಬೋನಿಸ್, 2022ರ ಫೆಬ್ರವರಿಯಲ್ಲಿ ಕಿಂಗ್ಸ್ ಪಾಲಾದ. ಕಿಂಗ್ಸ್ ಕಡೆ ಇದ್ದ ಬಡ್ಡಿ ಹೀಲ್ಡ್ ಪೇಸರ್ಸ್‌ಗೆ ಹೋದ. ಅದೇ ಅದಲು-ಬದಲಿನಲ್ಲಿ ಕಿಂಗ್ಸ್ ಬಿಟ್ಟುಕೊಟ್ಟ ಇನ್ನೊಬ್ಬ ಹುಡುಗ ಟೈರೀಸ್ ಹ್ಯಾಲಿಬರ್ಟನ್. ಈ ಹೆಸರು ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ. ಎರಡು ತಂಡ ಬೀಗರಾದ ಮೇಲೆ ಒಂದನ್ನ ಬಿಟ್ಟು ಇನ್ನೊಂದನ್ನ ನೋಡೋದು ಹೇಗೆ?

82 ಆಟ, ಒಂದು ಪಟ್ಟಿ

ಗೊತ್ತಿಲ್ಲದವರಿಗೆ ಲೆಕ್ಕ ಸರಳವಾಗಿ ಹೇಳ್ತೀನಿ. ಎನ್‌ಬಿಎಯಲ್ಲಿ 30 ತಂಡ. ಪೂರ್ವದಲ್ಲಿ 15, ಪಶ್ಚಿಮದಲ್ಲಿ 15. ಪೇಸರ್ಸ್ ಪೂರ್ವ, ಕಿಂಗ್ಸ್ ಪಶ್ಚಿಮ. ಹಾಗಾಗಿ ಒಬ್ಬರ ಗೆಲುವಿನಿಂದ ಇನ್ನೊಬ್ಬರ ಸ್ಥಾನಕ್ಕೆ ಧಕ್ಕೆ ಇಲ್ಲ. ಎರಡು ದೋಣಿಯ ಪ್ರಯಾಣಕ್ಕೆ ಇದೇ ಅನುಕೂಲ! ಪ್ರತಿ ತಂಡಕ್ಕೂ 82 ಆಟ, 41 ಸ್ವಂತ ಊರಲ್ಲಿ, 41 ಹೊರಗಡೆ. ಅಕ್ಟೋಬರ್‌ನಿಂದ ಏಪ್ರಿಲ್ ಮಧ್ಯದ ತನಕ ಇದೇ ಓಟ.

ಕೊನೆಗೆ ಎರಡೂ ಕಡೆ ಮೊದಲ ಆರು ಸ್ಥಾನದವರು ಸೀದಾ ಪ್ಲೇಆಫ್‌ಗೆ. ಏಳರಿಂದ ಹತ್ತನೇ ಸ್ಥಾನದವರಿಗೆ ಪ್ಲೇ-ಇನ್ ಅನ್ನೋ ಅಗ್ನಿಪರೀಕ್ಷೆ. ಏಳು ಮತ್ತು ಎಂಟನೆಯವರು ಆಡಿ ಗೆದ್ದವರು ಒಳಗೆ. ಒಂಬತ್ತು ಮತ್ತು ಹತ್ತನೆಯವರು ಆಡಿ ಸೋತವರು ಮನೆಗೆ. ಮೊದಲ ಆಟದಲ್ಲಿ ಸೋತವರು, ಎರಡನೇ ಆಟದಲ್ಲಿ ಗೆದ್ದವರು, ಈ ಇಬ್ಬರ ನಡುವೆ ಕೊನೆಯ ಸೀಟಿಗೆ ಇನ್ನೊಂದು ಆಟ. ಆಮೇಲೆ ಅಸಲಿ ಪ್ಲೇಆಫ್: ನಾಲ್ಕು ಸುತ್ತು, ಪ್ರತಿ ಸುತ್ತಲ್ಲೂ ಏಳು ಆಟದ ಸರಣಿ, ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಕಪ್ ಎತ್ತೋಕೆ ಒಟ್ಟು 16 ಗೆಲುವು ಬೇಕು.

ಐಪಿಎಲ್ ಥರ ಇಲ್ಲಿ ರನ್‌ರೇಟ್ ಇಲ್ಲ. ಇಬ್ಬರ ಗೆಲುವು ಸಮ ಆದ್ರೆ ಮೊದಲು ನೋಡೋದು ಅವರವರ ನಡುವಿನ ಆಟಗಳಲ್ಲಿ ಯಾರು ಹೆಚ್ಚು ಗೆದ್ದಿದ್ದಾರೆ ಅಂತ. ಅದಕ್ಕೇ ನವೆಂಬರ್‌ನ ಯಾವುದೋ ಮಂಗಳವಾರ ಕೈಬಿಟ್ಟ ಒಂದು ಆಟ ಏಪ್ರಿಲ್‌ನಲ್ಲಿ ಬಂದು ಕುತ್ತಿಗೆ ಹಿಡಿಯುತ್ತೆ.

ಎಷ್ಟು ಬಿಗಿ ಅಂದ್ರೆ, ಒಂದು ಉದಾಹರಣೆ ಕೊಡ್ತೀನಿ. 2023ರಲ್ಲಿ ಕಿಂಗ್ಸ್ 48 ಆಟ ಗೆದ್ದು ಪಶ್ಚಿಮದಲ್ಲಿ ಮೂರನೇ ಸ್ಥಾನ. ಮರುವರ್ಷ 46 ಗೆದ್ದರು, ಬರೀ ಎರಡು ಕಡಿಮೆ. ಸ್ಥಾನ? ಒಂಬತ್ತು! ಎರಡೇ ಎರಡು ಆಟಕ್ಕೆ ಆರು ಮೆಟ್ಟಿಲು ಕೆಳಗೆ. ಮಾರ್ಚ್ ತಿಂಗಳಲ್ಲಿ ನನ್ನ ಮುಖ ಯಾಕೆ ಹಾಗಿರತ್ತೆ ಅಂತ ಟೀಮಿನವರು ಕೇಳ್ತಾರಲ್ಲ, ಉತ್ತರ ಇದು.

ಇನ್ನು ಟೈಮಿನ ವಿಷಯ. ಇಂಡಿಯಾನಾಪೊಲಿಸ್‌ನಲ್ಲಿ ಸಂಜೆ ಏಳು ಗಂಟೆ ಅಂದ್ರೆ ನಮಗೆ ಚಳಿಗಾಲದಲ್ಲಿ ಬೆಳಗಿನ ಜಾವ ಐದೂವರೆ. ಮಾರ್ಚ್ ಎರಡನೇ ಭಾನುವಾರ ಅಮೆರಿಕದವರು ಗಡಿಯಾರ ಒಂದು ಗಂಟೆ ಮುಂದಿಟ್ಟ ಮೇಲೆ ನಾಲ್ಕೂವರೆ. ಸ್ಯಾಕ್ರಮೆಂಟೊ ಪಶ್ಚಿಮ ಕರಾವಳಿ ಕಡೆಯದ್ದು, ಅಲ್ಲಿನ ಏಳು ಗಂಟೆ ನಮಗೆ ಎಂಟೂವರೆ, ಮಾರ್ಚ್ ಆದ್ಮೇಲೆ ಏಳೂವರೆ. ಅಂದ್ರೆ ಪೇಸರ್ಸ್ ಆಟ ನಿದ್ದೆ ತಿನ್ನುತ್ತೆ, ಕಿಂಗ್ಸ್ ಆಟ ಮೆಟ್ರೋದಲ್ಲಿ ಫೋನ್ ಚಾರ್ಜ್ ತಿನ್ನುತ್ತೆ. ಸ್ಟ್ಯಾಂಡ್-ಅಪ್ ಮೀಟಿಂಗ್ ಹೊತ್ತಿಗೆ ಸರಿಯಾಗಿ ನಾಲ್ಕನೇ ಕ್ವಾರ್ಟರ್. ಕ್ಯಾಮೆರಾ ಆಫ್ ಮಾಡಿರೋ ಎಲ್ಲರ ಮನೆಯಲ್ಲೂ ನೆಟ್‌ವರ್ಕ್ ಸಮಸ್ಯೆನೇ ಇರಲ್ಲ, ಅಷ್ಟು ಮಾತ್ರ ಹೇಳಬಲ್ಲೆ.

ನಮ್ಮಮ್ಮ ಹಾಸನದ ಕಡೆಯವರು, ನಾಲ್ಕೂವರೆಗೆ ಏಳೋದು ಹುಟ್ಟು ಅಭ್ಯಾಸ. ಮೊದಮೊದಲು "ಏನೇ ಇದು, ಪರೀಕ್ಷೆಗೂ ಇಷ್ಟು ಬೇಗ ಎದ್ದವಳಲ್ಲ ನೀನು" ಅನ್ನೋರು. ಈಗ ರಂಗೋಲಿ ಹಾಕಿ, ಹಾಲು ಕಾಯಿಸಿ, ಕಾಫಿ ಲೋಟ ಹಿಡ್ಕೊಂಡು ಪಕ್ಕದಲ್ಲಿ ಕೂರ್ತಾರೆ. ನಿಯಮ ಏನೂ ಗೊತ್ತಿಲ್ಲ. "ಹಳದಿ ಬನಿಯನ್ನಿನವರು ನಮ್ಮೋರಾ?" ಅಂತ ಒಂದೇ ಪ್ರಶ್ನೆ.

ಹದಿನಾರು ವರ್ಷದ ಉಪವಾಸ

ಕಿಂಗ್ಸ್ ಕತೆ ಕೇಳಿದ್ರೆ ಆರ್‌ಸಿಬಿ ಅಭಿಮಾನಿಗಳಿಗೆ ಅಯ್ಯೋ ಅನ್ನಿಸತ್ತೆ. ಈ ತಂಡ ಗೆದ್ದ ಒಂದೇ ಒಂದು ಕಪ್ 1951ರದ್ದು. ಅದೂ ರಾಚೆಸ್ಟರ್ ರಾಯಲ್ಸ್ ಅನ್ನೋ ಹೆಸರಲ್ಲಿ, ಬೇರೆ ಊರಲ್ಲಿದ್ದಾಗ. ಊರೂರು ಅಲೆದು ಸ್ಯಾಕ್ರಮೆಂಟೊಗೆ ಬಂದದ್ದು 1985ರಲ್ಲಿ. 2006ರಲ್ಲಿ ಪ್ಲೇಆಫ್ ಆಡಿದ ಮೇಲೆ ಸಾಲಾಗಿ 16 ಸೀಸನ್ ಒಂದು ಸಲವೂ ಒಳಗೆ ಹೋಗಲಿಲ್ಲ. ಎನ್‌ಬಿಎ ಇತಿಹಾಸದಲ್ಲೇ ಇಷ್ಟು ದೀರ್ಘ ಬರಗಾಲ ಇನ್ಯಾವ ತಂಡಕ್ಕೂ ಬಂದಿಲ್ಲ.

ಆ ಬರದ ನಡುವೆ ತಂಡವೇ ಕೈತಪ್ಪುವ ಹಂತ ತಲುಪಿತ್ತು. 2013ರಲ್ಲಿ ಸಿಯಾಟಲ್‌ನ ಹೂಡಿಕೆದಾರರಿಗೆ ತಂಡ ಮಾರೋ ಮಾತುಕತೆ ಬಹುತೇಕ ಮುಗಿದಿತ್ತು. ಅಮೆರಿಕದಲ್ಲಿ ಇದು ಹೊಸದಲ್ಲ. ಸಿಯಾಟಲ್‌ನವರೇ ತಮ್ಮ ಸೂಪರ್‌ಸಾನಿಕ್ಸ್ ತಂಡವನ್ನ 2008ರಲ್ಲಿ ಒಕ್ಲಹೋಮ ಸಿಟಿಗೆ ಕಳ್ಕೊಂಡವರು. ಅವರ ಸಂಕಟಕ್ಕೆ ಔಷಧ ಅಂದ್ರೆ ಇನ್ನೊಂದು ಊರಿನ ತಂಡ! ಆಗ ಸ್ಯಾಕ್ರಮೆಂಟೊ ಮೇಯರ್ ಆಗಿದ್ದವರು ಕೆವಿನ್ ಜಾನ್ಸನ್, ಸ್ವತಃ ಎನ್‌ಬಿಎ ಆಡಿದವರು. ಊರಿನವರೂ ಪಟ್ಟು ಹಿಡಿದರು. ಹೊಸ ಸ್ಟೇಡಿಯಂ ಕಟ್ಟೋ ಭರವಸೆ ಸಿಕ್ತು, ರಣದಿವೆ ಗುಂಪು ಮುಂದೆ ಬಂತು, ಮಾಲೀಕರ ಮಂಡಳಿ 22-8 ಮತಗಳಿಂದ ಸ್ಥಳಾಂತರ ಬೇಡ ಅಂತು. 2016ರಲ್ಲಿ ಊರ ನಡುವೆ ಗೋಲ್ಡನ್ 1 ಸೆಂಟರ್ ಎದ್ದು ನಿಂತಿತು.

ಒಂದು ಕ್ಷಣ ಯೋಚನೆ ಮಾಡಿ. ನಾಳೆ ಬೆಳಗ್ಗೆ ಆರ್‌ಸಿಬಿ ಹೆಸರು ಬದಲಾಯಿಸಿ ಬೇರೆ ರಾಜ್ಯಕ್ಕೆ ಹೋಗತ್ತೆ ಅಂದ್ರೆ? ತಂಡ ಸೋತ್ರೆ ಮುಂದಿನ ವರ್ಷ ಅಂತ ಇರತ್ತೆ. ತಂಡವೇ ಹೋದ್ರೆ ಬೈಯೋಕೂ ಯಾರೂ ಇರಲ್ಲ. ಹಾಗಾಗಿ ಆ ಊರಿನವರು ಸೋಲೋ ತಂಡವನ್ನೂ ಎದೆಗೊತ್ತಿಕೊಂಡು ನೋಡ್ತಾ ಬಂದರು.

2022-23ರಲ್ಲಿ ಹೊಸ ಕೋಚ್ ಮೈಕ್ ಬ್ರೌನ್ ಬಂದರು. ಡಿಆರನ್ ಫಾಕ್ಸ್ ಓಟ, ಸಬೋನಿಸ್ ಪಾಸ್. ಪ್ರತಿ ಗೆಲುವಿಗೂ ಸ್ಟೇಡಿಯಂ ಮೇಲಿಂದ ಆಕಾಶಕ್ಕೆ ನೇರಳೆ ಬಣ್ಣದ ಲೇಸರ್ ಬೆಳಕು ಹಾರಿಸೋ ಪದ್ಧತಿ ಶುರುವಾಯ್ತು. ನಮ್ಮ ಕಡೆ ಗೆದ್ರೆ ಪಟಾಕಿ, ಅಲ್ಲಿ ದೀಪ. 2023ರ ಮಾರ್ಚ್ 29ರಂದು ಪೋರ್ಟ್‌ಲ್ಯಾಂಡ್‌ನಲ್ಲಿ 120-80ರಿಂದ ಗೆದ್ದು ಪ್ಲೇಆಫ್ ಸ್ಥಾನ ಖಚಿತ ಮಾಡ್ಕೊಂಡ್ರು. ನಮಗೆ ಅದು 30ನೇ ತಾರೀಖಿನ ಬೆಳಗ್ಗೆ, ರಾಮನವಮಿ. ಅಮ್ಮ ಪಾನಕ ಮಾಡಿದ್ದರು. ನನ್ನ ಪಾಲಿಗೆ ಎರಡೂ ಹಬ್ಬ ಒಂದೇ ಲೋಟದಲ್ಲಿ.

ಮೊದಲ ಸುತ್ತಿನಲ್ಲಿ ಎದುರಾದವರು ಯಾರು ಅಂದ್ಕೊಂಡ್ರಿ? ಅಣ್ಣನ ವಾರಿಯರ್ಸ್. ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಎರಡು ವಾರ ನಮ್ಮಿಬ್ಬರದ್ದೇ ಯುದ್ಧ. ಮೊದಲ ಎರಡು ಆಟ ಕಿಂಗ್ಸ್‌ಗೆ. ನಾಲ್ಕನೇ ಆಟ ಒಂದೇ ಪಾಯಿಂಟ್‌ನಿಂದ ಹೋಯ್ತು, 126-125. ಸರಣಿ ಏಳನೇ ಆಟಕ್ಕೆ ಬಂತು, ಅದೂ ಸ್ಯಾಕ್ರಮೆಂಟೊದಲ್ಲಿ. ಅಲ್ಲಿ ಸ್ಟೆಫ್ ಕರಿ 50 ಪಾಯಿಂಟ್ ಹೊಡೆದ. ಎನ್‌ಬಿಎ ಇತಿಹಾಸದಲ್ಲಿ ಅದುವರೆಗೆ ಯಾರೂ ಏಳನೇ ಆಟದಲ್ಲಿ 50 ಮುಟ್ಟಿರಲಿಲ್ಲ. 120-100. ದೊಡ್ಡಮ್ಮ ಗ್ರೂಪಲ್ಲಿ "ಇಬ್ಬರೂ ಚೆನ್ನಾಗಿ ಆಡಿದ್ರಿ ಬಿಡಿ" ಅಂತ ಬರೆದ್ರು. ನಾವೇ ಆಡಿದ ಹಾಗೆ!

ಮರುವರ್ಷ ಒಂಬತ್ತನೇ ಸ್ಥಾನ ಅಂದೆನಲ್ಲ, ಆಗ ಪ್ಲೇ-ಇನ್‌ನಲ್ಲಿ ಮತ್ತೆ ವಾರಿಯರ್ಸ್. ಇಬ್ಬರದ್ದೂ 46 ಗೆಲುವು, 36 ಸೋಲು. ಸಮ ಬಿಡಿಸೋ ನಿಯಮದಲ್ಲಿ ಕಿಂಗ್ಸ್ ಮೇಲೆ ಬಂದದ್ದರಿಂದ ಆಟ ನಮ್ಮ ಅಂಗಳದಲ್ಲೇ. 118-94, ಸೇಡು ತೀರ್ತು. ಮೂರು ದಿನ ಬಿಟ್ಟು ನ್ಯೂ ಆರ್ಲಿಯನ್ಸ್ ಕೈಲಿ 105-98ಕ್ಕೆ ಸೋತು ಮನೆಗೆ. 2025ರಲ್ಲಿ ಮತ್ತೆ ಒಂಬತ್ತು, ಈ ಸಲ ಡಲಾಸ್ ಕೈಲಿ ಸ್ವಂತ ಅಂಗಳದಲ್ಲೇ 120-106ರ ಸೋಲು. ಅಷ್ಟರಲ್ಲಿ ಕೋಚ್ ಬ್ರೌನ್‌ರನ್ನ ತೆಗೆದಾಗಿತ್ತು, ಫಾಕ್ಸ್‌ನನ್ನ ಸ್ಯಾನ್ ಆಂಟೋನಿಯೊಗೆ ಕಳಿಸಿಯಾಗಿತ್ತು. ಕಟ್ಟೋಕೆ 16 ವರ್ಷ ಹಿಡಿದದ್ದು ಕಳಚೋಕೆ ಎರಡೇ ವರ್ಷ ಸಾಕಾಯ್ತು.

ಕೊಟ್ಟ ಹುಡುಗ, ಕೊನೇ ಸೆಕೆಂಡಿನ ಹುಡುಗ

ಈಗ ಹ್ಯಾಲಿಬರ್ಟನ್‌ಗೆ ಬರೋಣ. ಕಿಂಗ್ಸ್ ಬಿಟ್ಟುಕೊಟ್ಟಾಗ ಆತನಿಗೆ ಇಪ್ಪತ್ತೊಂದೇ ವರ್ಷ. ಚೆಂಡು ಎಸೆಯೋ ಶೈಲಿ ವಿಚಿತ್ರ, ಎದೆಮಟ್ಟದಿಂದ ತಳ್ಳಿದ ಹಾಗೆ. ಕೋಚಿಂಗ್ ಕ್ಯಾಂಪಲ್ಲಿ ಹೀಗೆ ಎಸೆದ್ರೆ ನಮ್ಮ ಪಿಟಿ ಮೇಷ್ಟ್ರು ಮೈದಾನ ಎರಡು ಸುತ್ತು ಓಡಿಸೋರು.

2024-25ರ ಸೀಸನ್ ಪೇಸರ್ಸ್‌ಗೆ ಕೆಟ್ಟದಾಗಿ ಶುರುವಾಯ್ತು. ಮೊದಲ 25 ಆಟದಲ್ಲಿ 15 ಸೋಲು. ಡಿಸೆಂಬರ್‌ನಲ್ಲಿ ಪಟ್ಟಿ ನೋಡೋದೇ ಬಿಟ್ಟಿದ್ದೆ. ಆಮೇಲೆ ಸದ್ದಿಲ್ಲದೆ ಗೆಲ್ತಾ ಬಂದು 50 ಗೆಲುವಿನೊಂದಿಗೆ ಪೂರ್ವದಲ್ಲಿ ನಾಲ್ಕನೇ ಸ್ಥಾನ. ಪ್ಲೇಆಫ್ ಶುರುವಾಗೋ ಹೊತ್ತಿಗೆ ಹೆಸರು ಹೇಳದ ಆಟಗಾರರ ಸಮೀಕ್ಷೆಯೊಂದು ಪ್ರಕಟವಾಯ್ತು. ಲೀಗಿನಲ್ಲಿ ಅತಿಯಾಗಿ ಹೊಗಳಿಸಿಕೊಂಡವ ಯಾರು ಅನ್ನೋದಕ್ಕೆ ಸಹ-ಆಟಗಾರರು ಹೆಚ್ಚು ಮತ ಕೊಟ್ಟದ್ದು ಹ್ಯಾಲಿಬರ್ಟನ್‌ಗೆ. ಆಫೀಸಲ್ಲಿ ಪೀರ್ ರಿವ್ಯೂ ಓದಿದವರಿಗೆ ಈ ನೋವು ಬೇರೆ ವಿವರಿಸಬೇಕಿಲ್ಲ.

ಅವನು ಉತ್ತರ ಕೊಟ್ಟ ರೀತಿ ಮಾತ್ರ ಯಾವ ರಿವ್ಯೂನಲ್ಲೂ ಬರೆಯೋಕಾಗಲ್ಲ. ಮಿಲ್ವಾಕಿ ವಿರುದ್ಧ ಐದನೇ ಆಟ, ಓವರ್‌ಟೈಮ್, ಕೊನೆಯ ಎರಡು ಸೆಕೆಂಡಿನೊಳಗೆ ಗೆಲುವಿನ ಬಾಸ್ಕೆಟ್. 119-118. ಕ್ಲೀವ್‌ಲ್ಯಾಂಡ್ ಅಂದ್ರೆ ಪೂರ್ವದ ಅಗ್ರ ತಂಡ, 64 ಆಟ ಗೆದ್ದವರು. ಅವರ ವಿರುದ್ಧ ಎರಡನೇ ಆಟದಲ್ಲಿ ಕೊನೆಯ ಒಂದು ನಿಮಿಷಕ್ಕೆ 7 ಪಾಯಿಂಟ್ ಹಿಂದಿದ್ದು, ಕೊನೆಗೆ ಅವನ ತ್ರೀ ಪಾಯಿಂಟರ್‌ನಿಂದ 120-119. ನ್ಯೂಯಾರ್ಕ್ ವಿರುದ್ಧ ಮೊದಲ ಆಟದಲ್ಲಿ ಮೂರು ನಿಮಿಷ ಕೂಡ ಉಳಿದಿರಲಿಲ್ಲ, 14 ಪಾಯಿಂಟ್ ಹಿಂದೆ. ಏರನ್ ನೆಸ್ಮಿತ್ ಒಂದರ ಮೇಲೊಂದು ತ್ರೀ ಹಾಕಿದ. ಕೊನೇ ಕ್ಷಣದಲ್ಲಿ ಹ್ಯಾಲಿಬರ್ಟನ್ ಎಸೆದ ಚೆಂಡು ರಿಂಗಿಗೆ ಬಡಿದು, ಬೋರ್ಡಿಗಿಂತ ಮೇಲೆ ಹಾರಿ, ನೇರ ಒಳಗೆ ಬಿತ್ತು. ಸಮ. ಓವರ್‌ಟೈಮಲ್ಲಿ ಗೆಲುವು, 138-135. ಚೆಂಡು ಮೇಲಿದ್ದ ಆ ಒಂದು ಸೆಕೆಂಡಲ್ಲಿ ಅಮ್ಮ "ರಾಮ ರಾಮ" ಅಂದದ್ದು ನನಗೆ ಚೆನ್ನಾಗಿ ಕೇಳಿಸ್ತು. ಯಾರಿಗಾಗಿ ಅಂತ ಕೇಳಲಿಲ್ಲ.

ಪೇಸರ್ಸ್ ಫೈನಲ್ಸ್ ತಲುಪಿತು. 2000ದ ನಂತರ ಮೊದಲ ಸಲ, ಇತಿಹಾಸದಲ್ಲೇ ಎರಡನೇ ಸಲ. ಎದುರಾಳಿ ಒಕ್ಲಹೋಮ ಸಿಟಿ ಥಂಡರ್, 82ರಲ್ಲಿ 68 ಗೆದ್ದ ದೈತ್ಯ.

ಜೂನ್ ತಿಂಗಳ ಆ ವಾರ

ಫೈನಲ್ಸ್ ಮೊದಲ ಆಟ ನಮ್ಮ ಲೆಕ್ಕದಲ್ಲಿ 2025ರ ಜೂನ್ 6, ಶುಕ್ರವಾರ ಬೆಳಗ್ಗೆ ಆರಕ್ಕೆ. ಆ ವಾರ ಬೆಂಗಳೂರಲ್ಲಿದ್ದವರಿಗೆ ಬೇರೆ ಏನೂ ಹೇಳಬೇಕಿಲ್ಲ. ಜೂನ್ 3ರ ರಾತ್ರಿ ಅಹಮದಾಬಾದ್‌ನಲ್ಲಿ ಆರ್‌ಸಿಬಿ ಪಂಜಾಬನ್ನ 6 ರನ್ನಿಂದ ಸೋಲಿಸಿ, 18ನೇ ಸೀಸನ್ನಿನಲ್ಲಿ ಮೊದಲ ಸಲ ಕಪ್ ಎತ್ತಿತು. ನಮ್ಮ ರಸ್ತೆಯಲ್ಲಿ ಬೆಳಗಿನ ಜಾವದ ತನಕ ಹಾರ್ನ್, ಪಟಾಕಿ. ಮರುದಿನ ಸಂಜೆ ಚಿನ್ನಸ್ವಾಮಿ ಹೊರಗೆ ನೂಕುನುಗ್ಗಲಲ್ಲಿ 11 ಜನ ತೀರಿಕೊಂಡರು. ತಮ್ಮ ತಂಡವನ್ನ ಕಣ್ತುಂಬ ನೋಡಬೇಕು ಅಂತ ಬಂದಿದ್ದವರು, ಹೆಚ್ಚಿನವರು ನಮ್ಮ ನಿಮ್ಮ ವಯಸ್ಸಿನವರು, ಇನ್ನೂ ಚಿಕ್ಕವರು.

ಎರಡು ದಿನ ಮನೆಯಲ್ಲಿ ಟಿವಿ ಹಾಕಲಿಲ್ಲ. ಶುಕ್ರವಾರ ಅಲಾರಂ ಹೊಡೀತು, ಏಳೋ ಮನಸ್ಸಿರಲಿಲ್ಲ. ಅಮ್ಮ ಬಂದು "ಆಟ ಇದೆ ಅಂದಿದ್ದೆಯಲ್ಲ, ನೋಡು. ನೀನು ನೋಡದೆ ಇದ್ರೆ ಆ ಮಕ್ಕಳು ಬರ್ತಾರಾ?" ಅಂದ್ರು. ಅವರ ಮಾತು ಕಠಿಣ, ಆದ್ರೆ ದನಿ ಕಠಿಣ ಇರಲಿಲ್ಲ.

ಸೌಂಡ್ ಕಮ್ಮಿ ಇಟ್ಟು ಕೂತ್ವಿ. ಇಡೀ ಆಟದಲ್ಲಿ ಪೇಸರ್ಸ್ ಒಂದು ಸಲವೂ ಮುಂದೆ ಇರಲಿಲ್ಲ. ಗಡಿಯಾರದಲ್ಲಿ 0.3 ಸೆಕೆಂಡ್ ಉಳಿದಾಗ ಹ್ಯಾಲಿಬರ್ಟನ್ ಎಸೆದ ಚೆಂಡು ಒಳಗೆ ಹೋಯ್ತು. 111-110. ಕೂಗಬೇಕು ಅನ್ನಿಸಿತು, ಕೂಗಲಿಲ್ಲ. ಆ ಬೆಳಗ್ಗೆ ಅನ್ನಿಸಿದ್ದು ಇಷ್ಟೇ: ಅಭಿಮಾನ ಅನ್ನೋದು ಎಷ್ಟು ದೊಡ್ಡದಾದ್ರೂ ಮನೆಗೆ ವಾಪಸ್ ಬಂದು ಅಮ್ಮನ ಕೈಲಿ ಕಾಫಿ ಕುಡಿಯೋ ಅಷ್ಟು ಚಿಕ್ಕದಾಗಿ ಇರಬೇಕು. ತಂಡಕ್ಕೆ ನಮ್ಮ ಬೆಳಗಿನ ನಿದ್ದೆ ಕೊಡಬಹುದು, ಸ್ವಲ್ಪ ದುಡ್ಡು ಕೊಡಬಹುದು. ಅದಕ್ಕಿಂತ ಹೆಚ್ಚಿನದನ್ನ ಯಾವ ಕಪ್ಪೂ ಕೇಳಬಾರದು, ಯಾವ ವ್ಯವಸ್ಥೆಯೂ ಕೇಳುವ ಪರಿಸ್ಥಿತಿ ತರಬಾರದು.

ಏಳನೇ ಆಟ

ಫೈನಲ್ಸ್ ಏಳನೇ ಆಟದ ತನಕ ಎಳೆಯಿತು. ಐದನೇ ಆಟದಲ್ಲಿ ಹ್ಯಾಲಿಬರ್ಟನ್ ಬಲಗಾಲಿನ ಮೀನಖಂಡಕ್ಕೆ ಪೆಟ್ಟಾಯ್ತು. ಆರನೇ ಆಟಕ್ಕೂ ಇಳಿದ, ಪೇಸರ್ಸ್ 108-91ರಿಂದ ಗೆದ್ದಿತು. ಜೂನ್ 23, ಸೋಮವಾರ ಬೆಳಗ್ಗೆ ಐದೂವರೆಗೆ ಏಳನೇ ಆಟ. ಮೊದಲ ಕ್ವಾರ್ಟರಲ್ಲೇ ಮೂರು ತ್ರೀ ಹಾಕಿ 9 ಪಾಯಿಂಟ್. ಆಮೇಲೆ ಚೆಂಡು ಹಿಡಿದು ಮುನ್ನುಗ್ಗೋಕೆ ಕಾಲೂರಿದವನು ಹಾಗೇ ಕುಸಿದ. ಯಾರೂ ಮುಟ್ಟಿರಲಿಲ್ಲ. ಹಿಮ್ಮಡಿ ಮೇಲಿನ ಅಕಿಲೀಸ್ ಹರಿದಿತ್ತು. ನೆಲಕ್ಕೆ ಕೈ ಬಡಿದುಕೊಂಡು ಅತ್ತ. ಥಂಡರ್ 103-91ರಿಂದ ಕಪ್ ಗೆದ್ದಿತು. ಮುಂದಿನ ಇಡೀ ಸೀಸನ್ ಅವನು ಆಡಲ್ಲ ಅಂತ ಜುಲೈನಲ್ಲಿ ತಂಡ ಹೇಳಿತು.

ನೋವಿದ್ದೂ ಆಡಿದ್ದು ಸರಿಯಾ? ಇದೇ ಪ್ರಶ್ನೆ ಮೇಲೆ ಆ ದಿನ ನಮ್ಮ ಮನೆಯಲ್ಲಿ ಜಗಳ. "ಯಾರಾದ್ರೂ ದೊಡ್ಡವರು ಕೂರು ಅನ್ನಬಾರದಿತ್ತೇನೇ?" ಅಂತ ಅಮ್ಮ. "ಏಳನೇ ಆಟ ಅಮ್ಮ, ಜೀವನದಲ್ಲಿ ಒಂದೇ ಸಲ ಬರಬಹುದು" ಅಂತ ನಾನು. "ಕಾಲು ಕೂಡ ಒಂದೇ ಸಲ ಬರೋದು" ಅಂತ ಅವರು. ಮತ್ತೆ ಅಂಥ ಸಂದರ್ಭ ಬಂದ್ರೂ ಆಡೇ ಆಡ್ತೀನಿ ಅಂತ ಹ್ಯಾಲಿಬರ್ಟನ್ ಆಮೇಲೆ ಬರೆದುಕೊಂಡ. ಅದನ್ನ ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. "ಹುಡುಗರು ಹಾಗೇ ಅಂತಾರೆ" ಅಂದು ಎದ್ದು ಹೋದರು.

ನಾನು ಇಬ್ಬರ ಕಡೆಗೂ ಇದೀನಿ. ಜ್ವರ ಬಂದ್ರೂ ಲ್ಯಾಪ್‌ಟಾಪ್ ತೆರೆದು "ಐ ಆಮ್ ಫೈನ್" ಅಂತ ಮೆಸೇಜ್ ಹಾಕೋ ಪೀಳಿಗೆ ನಮ್ಮದು. ಆದ್ರೆ ನಮ್ಮ ತಿಂಗಳ ಕೊನೆಯ ರಿಲೀಸು ಫೈನಲ್ಸ್ ಏಳನೇ ಆಟ ಅಲ್ಲ. ಮುಂದಿನ ತಿಂಗಳು ಇನ್ನೊಂದು ರಿಲೀಸ್ ಇದ್ದೇ ಇರತ್ತೆ. ಅವನು ತೆಗೆದುಕೊಂಡ ನಿರ್ಧಾರ ಅವನ ಆಟಕ್ಕೆ ದೊಡ್ಡದು. ಅದನ್ನ ನೋಡಿ ನಾವು ಪ್ರತಿ ಮಂಗಳವಾರವನ್ನೂ ಏಳನೇ ಆಟ ಮಾಡ್ಕೊಂಡ್ರೆ ಮಾತ್ರ ಕಷ್ಟ.

ಸೋಲೋ ವರ್ಷವನ್ನ ನೋಡೋದು ಹೇಗೆ?

ಸ್ಟಾರ್ ಇಲ್ಲದ ತಂಡಕ್ಕೆ ಪ್ಲೇಆಫ್ ಕನಸು ದೂರ. ಹತ್ತು ವರ್ಷ ಪೇಸರ್ಸ್‌ನಲ್ಲೇ ಇದ್ದ ಮೈಲ್ಸ್ ಟರ್ನರ್ ಕೂಡ ಅದೇ ಬೇಸಿಗೆಯಲ್ಲಿ ಮಿಲ್ವಾಕಿಗೆ ಹೋದ. ಇಂಥ ವರ್ಷಗಳಲ್ಲಿ ಎನ್‌ಬಿಎ ಅಭಿಮಾನಿಗಳಿಗೆ ಒಂದು ವಿಚಿತ್ರ ಆಸೆ ಹುಟ್ಟತ್ತೆ: ಇನ್ನೂ ಸೋಲಲಿ! ಯಾಕಂದ್ರೆ ಪ್ಲೇಆಫ್ ಮುಟ್ಟದ 14 ತಂಡಗಳಿಗೆ ಹೊಸ ಆಟಗಾರರನ್ನ ಆರಿಸೋ ಸರದಿಗೆ ಲಾಟರಿ ಇರತ್ತೆ, ಕಡೇ ಸ್ಥಾನಗಳಲ್ಲಿದ್ದವರಿಗೆ ಅದೃಷ್ಟದ ಪಾಲು ಹೆಚ್ಚು. ಆದ್ರೆ ಲಾಟರಿ ಲಾಟರಿಯೇ. 2025ರಲ್ಲಿ ಡಲಾಸ್‌ಗೆ ಇದ್ದದ್ದು ಶೇ. 1.8ರ ಅವಕಾಶ, ಮೊದಲ ಸರದಿ ಸಿಕ್ಕಿದ್ದು ಅವರಿಗೇ. ಕೂಪರ್ ಫ್ಲ್ಯಾಗ್ ಅನ್ನೋ ಹದಿನೆಂಟರ ಹುಡುಗ ಅವರ ಪಾಲಾದ.

ನನಗೆ ಸೋಲನ್ನ ಬಯಸೋಕೆ ಬರಲ್ಲ. ಅಂಥ ವರ್ಷ ಗುರಿ ಚಿಕ್ಕದು ಮಾಡ್ಕೋತೀನಿ. ಬೆಂಚಿನಿಂದ ಬರೋ ಒಬ್ಬ ಹೊಸ ಹುಡುಗನನ್ನ ಆರಿಸಿಕೊಂಡು, ಅಕ್ಟೋಬರ್‌ನಲ್ಲಿ ಹೇಗೆ ಆಡ್ತಿದ್ದ, ಮಾರ್ಚ್‌ನಲ್ಲಿ ಹೇಗೆ ಆಡ್ತಾನೆ ಅಂತ ನೋಡ್ತೀನಿ. ಪ್ಲೇಆಫ್ ಪಟ್ಟಿಯಲ್ಲಿ ಅದು ಕಾಣಲ್ಲ. ಆದ್ರೆ 25ರಲ್ಲಿ 15 ಸೋತ ತಂಡ ಫೈನಲ್ಸ್ ತಲುಪಿದ್ದು ಇಂಥದ್ದರಿಂದಲೇ.

ಹೊಸದಾಗಿ ನೋಡೋಕೆ ಶುರು ಮಾಡೋರಿಗೆ ಕೆಲವು ಅನುಭವದ ಮಾತು:

- ಗೆಲ್ಲೋ ತಂಡ ಹುಡುಕಬೇಡಿ, ಕಾರಣ ಹುಡುಕಿ. ಅಕ್ಕನ ಊರು, ಇಷ್ಟವಾದ ಒಬ್ಬ ಆಟಗಾರ, ಜರ್ಸಿ ಬಣ್ಣ, ಏನಾದ್ರೂ ಸರಿ. ಕಾರಣ ಇದ್ದವರು ಸೋತ ವರ್ಷವೂ ಉಳೀತಾರೆ.
- 82 ಆಟವನ್ನೂ ಲೈವ್ ನೋಡೋಕೆ ಹೋಗಬೇಡಿ. ವಾರಕ್ಕೆ ಎರಡು ಲೈವ್, ಉಳಿದದ್ದಕ್ಕೆ ಎನ್‌ಬಿಎ ಯೂಟ್ಯೂಬ್ ಚಾನೆಲ್‌ನ ಹತ್ತು ನಿಮಿಷದ ಹೈಲೈಟ್ಸ್ ಸಾಕು. ಮೆಟ್ರೋದಲ್ಲಿ ನಾಲ್ಕು ಸ್ಟೇಷನ್ ದಾಟೋದ್ರಲ್ಲಿ ಮುಗಿಯತ್ತೆ.
- ಪೂರ್ತಿ ಆಟ ಆಮೇಲೆ ನೋಡೋದಿದ್ರೆ ನೋಟಿಫಿಕೇಶನ್ ಆಫ್ ಮಾಡಿ. ಅಮೆರಿಕದಲ್ಲಿರೋ ನೆಂಟರನ್ನ ಮೊದಲು ಮ್ಯೂಟ್ ಮಾಡಿ!
- ಅಂಕಪಟ್ಟಿಯನ್ನ ಡಿಸೆಂಬರ್‌ನಲ್ಲಿ ನೋಡಬೇಡಿ. ಫೆಬ್ರವರಿ ನಂತರ ನೋಡಿ. ಬರೀ ಸ್ಥಾನವಲ್ಲ, ಆರನೆಯವರಿಗೂ ಹತ್ತನೆಯವರಿಗೂ ಎಷ್ಟು ಆಟದ ಅಂತರ ಅನ್ನೋದನ್ನ ನೋಡಿ.
- ನೋಡೋದರ ಜೊತೆ ಆಡಿ. ಭಾರತದ ಮಹಿಳಾ ತಂಡ 2017ರಲ್ಲಿ ನಮ್ಮ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲೇ ಏಷ್ಯಾ ಕಪ್ ಬಿ ವಿಭಾಗದ ಫೈನಲ್‌ನಲ್ಲಿ ಕಜಕಸ್ತಾನವನ್ನ 75-73ರಿಂದ ಸೋಲಿಸಿ ಎ ವಿಭಾಗಕ್ಕೆ ಏರಿತ್ತು. ಎರಡು ಪಾಯಿಂಟ್‌ನ ಆ ಗೆಲುವು ನಡೆದದ್ದು ನಮ್ಮೂರಲ್ಲಿ, ನಾವು ದಿನಾ ಬಸ್ಸಲ್ಲಿ ದಾಟಿ ಹೋಗೋ ಜಾಗದಲ್ಲಿ.

ಅಣ್ಣ ಮೊನ್ನೆ ಫೋನಲ್ಲಿ ಕೇಳಿದ, "ಎರಡೂ ತಂಡ ಒಟ್ಟಿಗೇ ಫೈನಲ್ಸ್‌ಗೆ ಬಂದ್ರೆ ಯಾರ ಕಡೆ?" ಒಂದು ಪೂರ್ವ, ಒಂದು ಪಶ್ಚಿಮ, ಹಾಗಾಗಿ ಇದು ಆಗಬಹುದಾದ ವಿಷಯವೇ. ಪೇಸರ್ಸ್ ಇನ್ನೂ ಒಂದು ಎನ್‌ಬಿಎ ಕಪ್ ಎತ್ತಿಲ್ಲ. ಕಿಂಗ್ಸ್ ಎತ್ತಿದ್ದು 1951ರಲ್ಲಿ. ನಾನು ಉತ್ತರ ಹೇಳಲಿಲ್ಲ. ಅಂಥ ಕಷ್ಟ ಬರೋದಾದ್ರೆ ಬರಲಿ, ಹಬ್ಬದ ಅಡುಗೆ ಮಾಡಿಸಿ ಬರಮಾಡ್ಕೋತೀನಿ.

ನಿಮ್ಮದು ಯಾವ ತಂಡ, ಯಾಕೆ? ಕ್ರಿಕೆಟ್ಟೋ, ಕಬಡ್ಡಿಯೋ, ಫುಟ್‌ಬಾಲೋ, ಏನಾದ್ರೂ ಸರಿ. ಮನೆಯಲ್ಲಿ ನಿಮ್ಮ ಜೊತೆ ಕೂತು ನಿಯಮ ಗೊತ್ತಿಲ್ಲದೆಯೂ ನೋಡೋರು ಯಾರು? ಓದುಗರ ಅಂಕಣಕ್ಕೆ ನಾಲ್ಕು ಸಾಲು ಬರೆದು ಕಳಿಸಿ.